ಬಸಂತರಾಯನ ಫಟಫಟಿ ಕುಸುಬಿ ಎಣ್ಣೆ ಕುಡಿದದ್ದು

ಹೊರ್ತಿಯ ಬಸಂತರಾಯನಿಗೆ ಸಿಟ್ಟು ಬರುತ್ತಿತ್ತು ಎಂದು ಬರೆದರೆ ತಪ್ಪಾಗುತ್ತದೆ. ಬರಬೇಕಾದರೆ ಅದು ಮೊದಲು ಎಲ್ಲಿಗಾದರೂ ಹೋಗಿರಬೇಕು. ಬಸಂತರಾಯನ ಸಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ಅವನಿಗಿಂತ ಮೊದಲೇ ಎದ್ದು, ಮುಖ ತೊಳೆದು, ಅವನು ಕಣ್ಣು ಬಿಡುವುದನ್ನೇ ಕಾಯುತ್ತ ಹಾಸಿಗೆಯ ಪಕ್ಕದಲ್ಲಿ ಕುಳಿತಿರುತ್ತಿತ್ತು. ಆಮೇಲೆ ಇಬ್ಬರೂ ಕೂಡಿಯೇ ಚಹಾ ಕುಡಿಯುತ್ತಿದ್ದರು.

ಈ ಸಿಟ್ಟಿನ ದಿಗ್ವಿಜಯವನ್ನು ಇಂಡಿ ತಾಲೂಕು ಮಾತ್ರವಲ್ಲ, ಸುತ್ತಲಿನ ತಾಲೂಕುಗಳೂ ಕಂಡಿದ್ದವು. ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ತಾನು ಕೂಡ್ರುವ ಮೊದಲೇ ಗಂಟೆ ಹೊಡೆದ ಕಂಡಕ್ಟರನಿಂದ ಬಸ್ಸನ್ನು ಹಿಂದಕ್ಕೆ ತರಿಸಿ, ಇಳಿದು, ಮತ್ತೆ ಹತ್ತಿ, ಆರಾಮಾಗಿ ಕುಳಿತು, “ಹಾಂ, ಈಗ ಹೊಡಿ” ಎಂದವನು ಅವನೇ. ಮುದ್ದೇಬಿಹಾಳದಲ್ಲಿ ಕೊಂಡ ಧೋತರ ಒಂದೇ ತೊಳೆತಕ್ಕೆ ಮೊಣಕಾಲಿಗೆ ಏರಿತೆಂದು, ಅದನ್ನೇ ಉಟ್ಟುಕೊಂಡು ಹೋಗಿ ಆ ಅಂಗಡಿಯ ಗಾದಿಯ ಮೇಲೆ ಸಂಜೆಯವರೆಗೆ ನಿಂತು ಬಂದವನೂ ಅವನೇ. ಅಂಗಡಿಯವನು ಕೊನೆಗೆ ಕೈಮುಗಿದು ಎರಡು ಧೋತರ ಕೊಟ್ಟ. ಎರಡು ಯಾಕೆ ಕೊಟ್ಟೆ, ನಾನೇನು ಭಿಕ್ಷೆಗೆ ಬಂದಿದ್ದೇನೆಯೇ ಎಂದು ಅದಕ್ಕೂ ಸಿಟ್ಟು.

ಮನುಷ್ಯ ಕೆಟ್ಟವನಲ್ಲ. ನಿಂಬೆ ತೋಟದಲ್ಲಿ ಆಳುಗಳಿಗಿಂತ ಮೊದಲು ಬಂದು ಆಳುಗಳ ನಂತರ ಹೋಗುವವನು. ಆದರೆ ಅವನು ಲೋಕವನ್ನು ಕಣ್ಣಿನಿಂದಲ್ಲ, ಕಿವಿಯಿಂದ ಅಳೆಯುತ್ತಿದ್ದ. ಕೆಮ್ಮಿನಿಂದ ಗಂಡಸನ್ನು, ಕೊರಳಗಂಟೆಯಿಂದ ಎತ್ತನ್ನು ತೂಗುತ್ತಿದ್ದ. ಆಗೆಲ್ಲ ಬಾವಿಗಳ ಮೇಲೆ ಡೀಸೆಲ್ ಎಂಜಿನ್‌ಗಳು ಕುಳಿತಿರುತ್ತಿದ್ದವು. ನಸುಕಿನಲ್ಲಿ ಯಾರ ಬಾವಿಯ ಎಂಜಿನ್ ಢುಗುಢುಗು ಎನ್ನುತ್ತದೆಯೋ ಅವನ ಬಾವಿಯಲ್ಲಿ ನೀರಿದೆ, ಅವನ ಮಗಳಿಗೆ ಒಳ್ಳೆಯ ಕಡೆಯಿಂದ ಸಂಬಂಧ ಬರುತ್ತದೆ. ಬಸಂತರಾಯನ ಎಂಜಿನ್ ಶುರುವಾದರೆ ಮುಂದಿನ ಹಳ್ಳಿಯವರು ಹಲ್ಲುಜ್ಜಲು ಏಳುತ್ತಿದ್ದರು. ಸಪ್ಪಳವೇ ಗಂಡಸಿನ ಮಾನ ಎಂಬುದು ಅವನ ಸಿದ್ಧಾಂತ.

ಇಂಥವನ ಮಾನವನ್ನು ಹಾಡುಹಗಲೇ, ಅವನದೇ ಅಂಗಳದಲ್ಲಿ ಸುಲಿದವನು ಅವನ ಹೆಂಡತಿಯ ತಮ್ಮ, ಬಸವನ ಬಾಗೇವಾಡಿಯ ರಾಚಪ್ಪ.

ನಾಗರಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಅಣ್ಣನೋ ತಮ್ಮನೋ ಬರುವುದು ಪದ್ಧತಿ. ರಾಚಪ್ಪ ವರ್ಷವೂ ಬಸ್ಸಿನಲ್ಲಿ ಬಂದು, ಊಟ ಮಾಡಿ, ಅಕ್ಕ ಶಂಕ್ರೆವ್ವನನ್ನು ಬಸ್ಸಿನಲ್ಲೇ ಕರೆದುಕೊಂಡು ಹೋಗುತ್ತಿದ್ದ. ಎಪ್ಪತ್ತಮೂರರ ಪಂಚಮಿಗೆ ಮಾತ್ರ ಹೊಸ ಫಟಫಟಿಯ ಮೇಲೆ ಬಂದ. ಅಂತಿಂಥ ಫಟಫಟಿಯಲ್ಲ. ಢುಗ್, ಢುಗ್, ಢುಗ್ ಎಂದು ಬಾವಿಯ ಎಂಜಿನ್ನಿಗೇ ಗಾಲಿ ಹಚ್ಚಿದ ಹಾಗೆ ಸಪ್ಪಳ. ಹೊರ್ತಿಗೆ ಹೊರ್ತಿಯೇ ಅಂಗಳದಲ್ಲಿ ನೆರೆಯಿತು. ಶಂಕ್ರೆವ್ವ ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ತಮ್ಮನ ಹಿಂದೆ ಕುಳಿತಳು. ರಾಚಪ್ಪ ಗಾಡಿಯನ್ನು ಒಮ್ಮೆ ಗುರ್ ಎನಿಸಿ, “ಬರ್ತೇನ್ರಿ ಮಾವಾರ! ನೀವೂ ಒಂದು ತೊಗೋರಿ, ಎಷ್ಟು ದಿನಾ ಅಂತ ಸರಕಾರದ ಗಾಡ್ಯಾಗ ಅಡ್ಯಾಡ್ತೀರಿ?” ಎಂದ.

ಬಸಂತರಾಯ ಏನೋ ಒದರಿದ. ಏನು ಒದರಿದನೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅವನ ದನಿಯನ್ನು ಮತ್ತೊಂದು ಸಪ್ಪಳ ನುಂಗಿ ಹಾಕಿದ್ದು ಅದೇ ಮೊದಲು. ಧೂಳಿನಲ್ಲಿ ಬಾಯಿ ತೆರೆದು ನಿಂತ ಅವನು, ಬಾಯಿ ಮುಚ್ಚುವ ಮೊದಲೇ ಪ್ರತಿಜ್ಞೆ ಮಾಡಿದ: ಬರುವ ಪಂಚಮಿಗೆ ಶಂಕ್ರೆವ್ವ ಕೂಡ್ರಬೇಕಾದದ್ದು ತನ್ನ ಫಟಫಟಿಯ ಮೇಲೆ, ಇದೇ ಅಂಗಳದಿಂದ, ಇದೇ ಜನರ ಎದುರಿಗೆ.

ರಾಚಪ್ಪನದೇ ಗಾಡಿ ಕೊಳ್ಳುವ ಮಾತೇ ಇರಲಿಲ್ಲ. ಹೆಂಡತಿಯ ತಮ್ಮನನ್ನು ನೋಡಿ ಕಲಿತ ಎನ್ನಿಸಿಕೊಳ್ಳುವುದಕ್ಕಿಂತ ನಡೆದುಕೊಂಡು ಹೋಗುವುದು ಮೇಲು. ಬೇರೆ ತರಹದ್ದಕ್ಕೆ ಹೆಸರು ಹಚ್ಚಿಸಿದ. ಕಾಯುವ ಅಷ್ಟೂ ತಿಂಗಳು ಕಂಪನಿಯನ್ನು ಬೈದ. ಬೇಸಿಗೆಯ ಆರಂಭಕ್ಕೆ ಗಾಡಿ ಬಂತು. ಕುಂಕುಮ ಹಚ್ಚಿ, ಕಾಯಿ ಒಡೆದು, ಊರೆಲ್ಲ ನೋಡುತ್ತಿರಲು ಬಸಂತರಾಯ ಕಿಕ್ ಹೊಡೆದ.

“ಪುರ್ರ್” ಎಂದಿತು. ಮುದಿ ಬೆಕ್ಕು ಮಡಿಲಲ್ಲಿ ಮಲಗಿ ಅನ್ನುತ್ತದಲ್ಲ, ಹಾಗೆ.

ಪಕ್ಕದ ತೋಟದ ರೇವಣಪ್ಪ ಮುಂದೆ ಬಂದು ಪೆಟ್ರೋಲ್ ಟಾಕಿಗೆ ಕಿವಿ ಹಚ್ಚಿದ. “ಬಸಂತರಾಯ, ಚಾಲೂ ಐತೋ ಬಂದ್ ಐತೋ? ಕೈಯಾಡಿಸಿ ನೋಡಬೇಕಾತಲ್ಲೋ ಮಾರಾಯ!”

“ಕಿವ್ಯಾಗ ಎಣ್ಣಿ ಬಿಟ್ಕೋ ಹೋಗಲೇ!”

“ನಮ್ಮ ಮನ್ಯಾಗಿನ ಹೊಲಿಗಿ ಮಿಷನ್ನs ಇದಕ್ಕಿಂತ ಜೋರು ಒದರ್ತೈತಿ ನೋಡಪಾ.”

ಜನ ನಕ್ಕರು. ಎಲ್ಲಕ್ಕಿಂತ ದೊಡ್ಡ ಏಟು ಬಾಗಿಲಲ್ಲಿ ನಿಂತ ಶಂಕ್ರೆವ್ವನಿಂದ ಬಂತು. ಆಕೆ ಮಾತು ಕಡಿಮೆಯ ಹೆಣ್ಣುಮಗಳು. ಗಂಡನ ಕೂಡ ಸಂಸಾರ ಮಾಡುತ್ತ ಮಾತಿಗೆ ಪಾಳಿ ಸಿಗದೆ ಹಾಗಾಗಿದ್ದಳೋ, ಮೊದಲಿನಿಂದಲೂ ಹಾಗೋ, ಯಾರೂ ವಿಚಾರಿಸಿರಲಿಲ್ಲ. ಅವತ್ತು ಮಾತ್ರ ಮುಖ ಅರಳಿಸಿ ಅಂದಳು:

“ಭಾಳ ಛಲೋ ಐತ್ರಿ. ಸಪ್ಪಳs ಇಲ್ಲ.”

“ಪಂಚಮಿಗೆ ಇದರ ಮ್ಯಾಲೇ ಹೋಗೂದು ನೀ. ತಿಳೀತೇನು?”

“ನೋಡೂಣು.”

ಈ ‘ನೋಡೂಣು’ ಬಸಂತರಾಯನಿಗೆ ಇಪ್ಪತ್ತು ವರ್ಷದಿಂದ ಪರಿಚಯದ ಶತ್ರು. ಅದು ಹೂಂ ಅಲ್ಲ, ಊಹೂಂ ಅಲ್ಲ. ಸಪ್ಪಳ ಇಲ್ಲದ್ದರಿಂದಲೇ ಆಕೆಯ ಮನಸ್ಸು ಅರ್ಧ ಒಪ್ಪಿದೆ ಎಂಬುದು ಬೇರೆ ಯಾವ ಗಂಡಸಿಗಾದರೂ ತಿಳಿಯುತ್ತಿತ್ತು. ಬಸಂತರಾಯನಿಗೆ ತಿಳಿದದ್ದು ಇಷ್ಟೇ: ಇಂಥ ಬೆಕ್ಕಿನ ಮೇಲೆ ಕುಳಿತು ಅಂಗಳ ದಾಟಿದರೆ, ಪಕ್ಕದಲ್ಲಿ ರಾಚಪ್ಪನ ಗಾಡಿ ಢುಗ್ ಎಂದರೆ, ತನ್ನದು ಇದ್ದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಅವನು ಸೀದಾ ಇಂಡಿಗೆ ಹೋದ.

ಇಂಡಿಯಲ್ಲಿ ಫಟಫಟಿಗಳ ಧನ್ವಂತರಿ ಎಂದರೆ ದಾವಲಮಲಿಕ. ತಾನೇ ಹಾಗೆ ಹೇಳಿಕೊಳ್ಳುತ್ತಿದ್ದ. ಯಾವ ಗಾಡಿ ಬಂದರೂ ಮೊದಲು ಬಿಚ್ಚುತ್ತಿದ್ದ, ಯಾಕೆ ಬಂದಿದೆ ಎಂದು ಆಮೇಲೆ ಕೇಳುತ್ತಿದ್ದ.

“ದಾವಲ್, ಇದಕ್ಕ ದನೀ ಇಲ್ಲ. ಕಂಪನ್ಯಾವ್ರು ಮೋಸಾ ಮಾಡ್ಯಾರ.”

ದಾವಲಮಲಿಕ ಆಗಲೇ ಸೈಲೆನ್ಸರ್ ಕೈಯಲ್ಲಿ ಹಿಡಿದಿದ್ದ. “ಮೋಸಾ ಅಲ್ರಿ ಸಾವಕಾರ, ಒಳಗ ಬುರಕಾ ಹಾಕ್ಯಾರ. ತೂತಿನ ನಳಿಗಿ ಇಟ್ಟಾರ ನೋಡ್ರಿ, ಸಪ್ಪಳೆಲ್ಲಾ ಇದರಾಗ ಸಿಕ್ಕೊಂಡು ಸಾಯ್ತೈತಿ. ತಗದ ಒಗದ್ರ ಹುಲಿ ಆಕ್ಕೈತಿ, ಹುಲಿ!”

“ತಗದ ಒಗಿ.”

ಒಗೆದ. ಹುಲಿಯಾಯಿತು. ಬಸಂತರಾಯ ಹೊರ್ತಿಗೆ ಮರಳಿದ ಆ ಸಂಜೆಯ ವೈಭವವನ್ನು ಏನು ಹೇಳಲಿ! ಮೈಲು ದೂರದಿಂದಲೇ ಕಾಗೆಗಳು ಬೇವಿನ ಗಿಡ ಬಿಟ್ಟು ಎದ್ದವು. ಸೋಮನಿಂಗನ ಎತ್ತುಗಳು ಚಕ್ಕಡಿಯ ಸಮೇತ ಹೊಲ ಹೊಕ್ಕು, ಜೋಳದ ಕಣಿಕೆಯ ಬಣವೆಗೆ ಮುಖ ಹುದುಗಿಸಿ ನಿಂತವು. ಗುಡಿಯ ಕಟ್ಟೆಯ ಮೇಲೆ ಕುಳಿತ ಮುದುಕರು, ತೀರಿಹೋದವರೂ ಎದ್ದು ಬಂದಾರು ಎಂದು ದಾರಿ ನೋಡಿದರು. ಬಸಂತರಾಯ ರೇವಣಪ್ಪನ ಮನೆಯ ಮುಂದೆ ನಿಂತು, ಕಾರಣವಿಲ್ಲದೆ, ಕಿವಿ ಕಿತ್ತುಹೋಗುವಂತೆ ಎಂಜಿನ್ ಒದರಿಸಿದ.

ಮನೆಗೆ ಬಂದಾಗ ಶಂಕ್ರೆವ್ವ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು.

“ಹೆಂಗೈತಿ?” ಎಂದು ಕೇಳಿದ ವಿಜಯಿ.

“ಇದರ ಮ್ಯಾಲ ನಾ ಕುಂಡ್ರೂದಾ?”

“ಮತ್ತ್ಯಾರು?”

ಶಂಕ್ರೆವ್ವ ‘ನೋಡೂಣು’ ಕೂಡ ಅನ್ನದೆ ಒಳಗೆ ಹೋದಳು.

ಮರುದಿನದಿಂದ ಹುಲಿಯ ಹೊಟ್ಟೆಯೊಳಗೆ ಮತ್ತೊಂದು ಸಪ್ಪಳ ಕೇಳತೊಡಗಿತು. ಟಕ್, ಟಕ್, ಟಕ್. ತಗ್ಗು ಬಂದರೆ ಟಕಟಕ. ಬಸಂತರಾಯನ ಕಿವಿ ಸಾಮಾನ್ಯ ಕಿವಿಯಲ್ಲ. ಆ ಗರ್ಜನೆಯ ನಡುವೆಯೂ ಅದನ್ನು ಹಿಡಿಯಿತು. ದಾವಲಮಲಿಕನಿಗೆ ತೋರಿಸಿದ. ತಾನು ಮುಟ್ಟಿದ ಗಾಡಿಯಲ್ಲಿ ದೋಷ ಎಂಬ ಮಾತನ್ನೇ ಆ ಧನ್ವಂತರಿ ಕೇಳಿಸಿಕೊಳ್ಳಲಿಲ್ಲ. “ನನ್ನ ಕೆಲಸದಾಗ ಏನೂ ಇಲ್ರಿ. ಪೆಟ್ರೋಲ್ ಕೆಟ್ಟೈತಿ. ಭ್ಯಾಸಳ. ಪಿಸ್ಟನ್ ಕುಟ್ಟಾಕತ್ತೈತಿ.”

ಭ್ಯಾಸಳ, ಎಂದರೆ ಕಲಬೆರಕೆ! ಬಸಂತರಾಯನ ಸಿಟ್ಟಿಗೆ ಬಹಳ ದಿನದಿಂದ ತಕ್ಕ ಮೇವು ಸಿಕ್ಕಿರಲಿಲ್ಲ. ಅದು ಪೆಟ್ರೋಲಿಗೆ ಬೆಂಕಿ ಬಿದ್ದ ವರ್ಷ. ದೂರದ ಅರಬರು ಅಲ್ಲಿ ತೂಬು ಮುಚ್ಚಿದರು, ಇಲ್ಲಿ ಇಂಡಿಯ ಪಂಪಿನಲ್ಲಿ ದರ ಜಿಗಿಯಿತು. ಆದ್ದರಿಂದ ಬೈಗುಳಕ್ಕೆ ಅರಬಸ್ತಾನದಿಂದ ಇಂಡಿಯವರೆಗೆ ವಿಶಾಲ ಬಯಲು ತೆರೆದುಕೊಂಡಿತ್ತು. ಅರಬರು ಕೈಗೆ ಸಿಗುವಂತಿರಲಿಲ್ಲ. ಪಂಪಿನ ಗೋವಿಂದರಾಯ ಸಿಗುವಂತಿದ್ದ.

ಗೋವಿಂದರಾಯ ಬೆಳ್ಳಗಿನ ಟೊಪ್ಪಿಗೆಯ, ಮೆತ್ತನೆ ಮಾತಿನ ಮನುಷ್ಯ. ಮನೆಯಲ್ಲಿ ಮರಾಠಿ, ಪಂಪಿನಲ್ಲಿ ಕನ್ನಡ, ಗಾಬರಿಯಾದರೆ ಎರಡೂ. ಈ ತರಹದ ಗಾಡಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಬೇಕು. ಗೋವಿಂದರಾಯ ಸಣ್ಣ ಅಳತೆಯ ಡಬ್ಬಿಯಿಂದ ಅದನ್ನು ಬೆರೆಸುತ್ತಿದ್ದ. ಬಸಂತರಾಯ ಆ ಡಬ್ಬಿಯಲ್ಲಿ ಬೆರಳು ಅದ್ದಿ ಮೂಗಿಗೆ ಹಿಡಿದ.

“ಏನಿದು? ಕರ್ರಗೈತಿ! ಯಾವ ಲಾರಿಯೊಳಗ ಬಸದದ್ದಿದು?”

“ಅಹೋ ಬಸಂತರಾವ್, ಸೀಲ್ ಡಬ್ಬಿ ನಿಮ್ಮ ಮುಂದs ಒಡದೇನಲ್ಲಾ! ಆಯಿಲ್ ಇರೂದs ಹಂಗ.”

“ಗಾಡಿ ಯಾಕ ಟಕ್‌ಟಕ್ ಅಂತೈತಿ ಮತ್ತ?”

“ಅದನ್ನ ಮೇಸ್ತ್ರಿಗೆ ಕೇಳ್ರಿ. ಆಯಿಲ್ಲಿಗೆ ಏನೂ ಅನ್ನಂಗಿಲ್ಲ, ಪೆಟ್ರೋಲಿಗೂ ಏನೂ ಅನ್ನಂಗಿಲ್ಲ.”

“ನೀ ಅನ್ನಂಗಿಲ್ಲ ಅಂದ್ರ ನಾ ಅನ್ನಬಾರದೇನು? ಪೆಟ್ರೋಲ್ ಅಷ್ಟ ಹಾಕು. ಎಣ್ಣಿ ನನ್ನ ಮನ್ಯಾಗಿಂದು! ನಮ್ಮ ಹೊಲದ ಕುಸುಬಿ, ನಮ್ಮ ಕಣ್ಣ ಮುಂದ ಗಾಣಕ್ಕ ಹಾಕಿದ್ದು. ಅದರಾಗ ಯಾವ ಮಗಾ ಭ್ಯಾಸಳ ಮಾಡ್ತಾನ ನೋಡ್ತೇನಿ!”

“ದೇವಾ! ಕುಸುಬಿ ಎಣ್ಣಿ? ಗಾಡಿಗೆ?” ಎಂದು ಗೋವಿಂದರಾಯ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡ. “ಪಾಪ, ಅದು ಮಷೀನ್ ಐತ್ರಿ, ಪಂಕ್ತಿಗೆ ಕುಂತ ಬ್ರಾಹ್ಮಣ ಅಲ್ಲ!”

ಆದರೆ ಸಿಟ್ಟಿಗೆ ಒಮ್ಮೆ ತರ್ಕ ಸಿಕ್ಕಿತೆಂದರೆ ಅದನ್ನು ತಡೆಯುವುದು ಆಗದ ಮಾತು. ಮನುಷ್ಯರು ತಿನ್ನುವ ಎಣ್ಣೆ ಯಂತ್ರ ತಿನ್ನಲಾರದೇ? ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುತ್ತೇವೆ, ಕೀಲಿಗೆ ಹಚ್ಚುತ್ತೇವೆ, ಹಸುಗೂಸಿನ ನೆತ್ತಿಗೆ ಹಚ್ಚುತ್ತೇವೆ. ಬಸಂತರಾಯ ಅಡುಗೆಮನೆಯ ಮೂಲೆಯಲ್ಲಿ, ಜೋಳದ ಚೀಲದ ಹಿಂದೆ, ಬಟ್ಟೆ ಹೊದೆಸಿಟ್ಟಿದ್ದ ಎಣ್ಣೆಯ ಡಬ್ಬಿ ಕಂಡುಹಿಡಿದ. ಅದನ್ನು ಬಟ್ಟೆ ಹೊದೆಸಿ ಯಾಕೆ ಇಟ್ಟಿದ್ದಾರೆ ಎಂದು ವಿಚಾರ ಮಾಡಲಿಲ್ಲ. ಶಂಕ್ರೆವ್ವ ತೋಟಕ್ಕೆ ಹೋದಾಗ ಒಂದು ಚೊಂಬು ತೆಗೆದ. ಮುಂದೆ ಪೆಟ್ರೋಲ್ ಹಾಕಿಸಿದಾಗಲೆಲ್ಲ ತೆಗೆಯುತ್ತ ಹೋದ.

ಗಾಡಿ ಓಡಿತು. ಅದೇ ಅನಾಹುತ. ಓಡದೆ ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಓಡಿತು, ಮತ್ತು ಅದರ ಹಿಂದೆ ನೀಲಿ ಹೊಗೆಯ ಮೋಡ ಎದ್ದು, ಆ ಮೋಡದಿಂದ ಆಹಾ, ಬಿಸಿಬಿಸಿ ಮೆಣಸಿನಕಾಯಿ ಭಜಿಯ ವಾಸನೆ! ಬಸಂತರಾಯ ಹಾದುಹೋದ ಓಣಿಯಲ್ಲಿ ಜನರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹಸಿವೆಯಾಗುತ್ತಿತ್ತು. ನಾಯಿಗಳು ಬೊಗಳುವುದು ಬಿಟ್ಟು ನಾಲಗೆ ಚಾಚಿ ಹಿಂಬಾಲಿಸುತ್ತಿದ್ದವು. ಇಂಡಿಯ ಚಹಾದಂಗಡಿಯವನು, ನನ್ನ ಅಂಗಡಿ ದಾಟಿ ನಿಲ್ಲಿಸ್ರಿ, ಗಿರಾಕಿ ವಾಸನೆ ಕುಡಿದೇ ಹೋಗ್ತಾರ ಎಂದು ಜಗಳ ತೆಗೆದ. ರೇವಣಪ್ಪ ಮಾತ್ರ ದಿನವೂ ತೋಟದ ಬದುವಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದ. “ಬಸಂತರಾಯ, ಎರಡು ಇತ್ಲಾಗ ಒಗದು ಹೋಗಪಾ, ಉಳ್ಳಾಗಡ್ಡಿಯವಾದ್ರೂ ನಡೀತಾವ!”

ಬಸಂತರಾಯ ಇಳಿದು ಅವನನ್ನು ಬದುವಿನಿಂದ ಬಾವಿಯವರೆಗೆ ಅಟ್ಟಿಸಿಕೊಂಡು ಹೋದ. ಹೊಟ್ಟೆಗಿಚ್ಚು! ಊರಿಗೆ ಊರೇ ಹೊಟ್ಟೆಗಿಚ್ಚಿನಿಂದ ಸಾಯುತ್ತಿದೆ! ಟಕ್‌ಟಕ್ ನಿಂತಿತೇ ಎಂದು ಯಾರಾದರೂ ಕೇಳಿದರೆ, “ಭಾಳ ಕಡಿಮಿ ಆಗೈತಿ” ಎನ್ನುತ್ತಿದ್ದ. ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಆದರೆ ಕುಸುಬಿ ಎಣ್ಣೆಗೆ ಒಂದು ಗುಣವಿದೆ. ಅದು ಕಾದು ಕಾದು ಅಂಟಾಗುತ್ತದೆ, ಅಂಟು ಒಣಗಿ ಅರಗಾಗುತ್ತದೆ. ಕರಿದ ಕಡಾಯಿಯ ಅಂಚನ್ನು ಬೂದಿ ಹಚ್ಚಿ ತಿಕ್ಕುವ ಯಾವ ಹೆಣ್ಣುಮಗಳನ್ನು ಕೇಳಿದ್ದರೂ ಹೇಳುತ್ತಿದ್ದಳು. ಬಸಂತರಾಯ ಯಾವ ಹೆಣ್ಣುಮಗಳನ್ನೂ ಕೇಳಿರಲಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಹುಲಿಯ ಗಂಟಲು ಕಟ್ಟಿತು. ಗರ್ಜನೆ ಗೊರಗೊರವಾಯಿತು, ಗೊರಗೊರ ಕೆಮ್ಮಾಯಿತು. ಪಂಚಮಿ ಎರಡು ದಿನ ಇದೆ ಎನ್ನುವಾಗ ಅದು ಅಂಗಳದಲ್ಲಿ ಒಂದು ಸಲ ಬಿಕ್ಕಿ, ಬಾಯಿ ಮುಚ್ಚಿತು. ಬಸಂತರಾಯ ಕಿಕ್ ಹೊಡೆದ. ಕಾಲು ಮಾತ್ರ ನೋಯಿತು. ಮತ್ತೆ ಹೊಡೆದ. ಕಂಪನಿಯನ್ನು, ಪಂಪನ್ನು, ಅರಬರನ್ನು ಒಬ್ಬೊಬ್ಬರಾಗಿ ಹೆಸರಿಟ್ಟು ಹೊಡೆದ.

ಸರಿಯಾಗಿ ಆ ಹೊತ್ತಿಗೆ ದೂರದಲ್ಲಿ, ವಿಜಾಪುರದ ದಾರಿಯಲ್ಲಿ ಕೇಳಿಸಿತು: ಢುಗ್, ಢುಗ್, ಢುಗ್.

ರಾಚಪ್ಪ ಅಂಗಳಕ್ಕೆ ಬಂದು, ಗಾಡಿ ನಿಲ್ಲಿಸಿ, ಕಪ್ಪು ಕನ್ನಡಕ ತೆಗೆದು, ಮೂಗು ಅರಳಿಸಿದ. “ಏನ್ರಿ ಮಾವಾರ, ಕರ್ಯಾಕತ್ತಾರೇನು ಒಳಗ? ಭಜಿ ವಾಸನಿ ಘಮಾ ಅಂತೈತಿ.”

ಜನ ಮತ್ತೆ ನೆರೆದಿದ್ದರು. ರೇವಣಪ್ಪ ತಟ್ಟೆಯ ಸಮೇತ ಬಂದಿದ್ದ.

“ಏ ರಾಚಪ್ಪ,” ಎಂದ ಬಸಂತರಾಯ, ಕಿಕ್ಕಿನ ಮೇಲಿನ ಕಾಲು ತೆಗೆಯದೆ, “ನೀ ಕರಿಯಾಕ ಬಂದೀ, ಪದ್ಧತಿ ಮುಗೀತು. ಮುಂದ ನೀ ನಡಿ. ನಿಮ್ಮಕ್ಕ ನನ್ನ ಗಾಡಿ ಮ್ಯಾಲ ಬರ್ತಾಳ.”

“ಅದು ಬರ್ತೈತೇನು ಮೊದ್ಲ?”

“ಬರ್ತೈತಿ! ಹೊತ್ತು ಹಿಡೀತೈತಿ!”

“ಅಕ್ಕಾ,” ಎಂದು ರಾಚಪ್ಪ ಒಳಗೆ ಕೂಗಿದ, “ಬಾರs! ಮಾವಾರ ಗಾಡಿ ಚಾಲೂ ಆಗೂದ್ರೊಳಗ ದೀಪಾವಳಿ ಬಂದೀತು!”

ಒಳಗಿನಿಂದ ಒಂದು ಸಪ್ಪಳ ಬಂತು. ಖಾಲಿ ಡಬ್ಬಿಯನ್ನು ನೆಲಕ್ಕೆ ಕುಕ್ಕಿದ ಸಪ್ಪಳ. ಅಂಗಳದಲ್ಲಿದ್ದ ಎಲ್ಲ ಸಂಸಾರಸ್ಥ ಗಂಡಸರೂ ಎರಡು ಹೆಜ್ಜೆ ಹಿಂದೆ ಸರಿದರು.

ಶಂಕ್ರೆವ್ವ ಡಬ್ಬಿ ಹಿಡಿದು ಬಾಗಿಲಿಗೆ ಬಂದಳು. ಡಬ್ಬಿಯ ಮೇಲೆ ಹೊದೆಸಿದ್ದ ಬಟ್ಟೆ ಹೆಗಲ ಮೇಲಿತ್ತು. ಆಕೆಯ ದನಿ ಏರಲಿಲ್ಲ. ಏರಿದ್ದರೆ ಬಸಂತರಾಯನಿಗೆ ಬೇಕಾಗಿತ್ತು. ಏರಿದ ದನಿಗೆ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು.

“ಇದರಾಗಿನ ಎಣ್ಣಿ ಎಲ್ಲಿ?”

ಬಸಂತರಾಯ ಗಾಡಿಯನ್ನು ನೋಡಿದ. ಗಾಡಿಯನ್ನು ಎಲ್ಲರೂ ನೋಡಿದರು. ರಾಚಪ್ಪ ಮತ್ತೊಮ್ಮೆ ಮೂಗು ಅರಳಿಸಿದ. ನಂತರ ಅವನ ಮುಖದಲ್ಲಿ ನಿಧಾನವಾಗಿ, ಮೂಡಣದಲ್ಲಿ ಸೂರ್ಯ ಬಂದ ಹಾಗೆ, ಅರ್ಥ ಉದಯಿಸಿತು.

“ಮೊದಲ ಗಾಣದ ಎಣ್ಣಿ,” ಎಂದಳು ಶಂಕ್ರೆವ್ವ. “ಪಂಚಮಿ ಕರಚಿಕಾಯಿಗೆ, ಚಕ್ಕಲಿಗೆ ಅಂತ ಸುಗ್ಗಿಯಾಗs ಎತ್ತಿಟ್ಟಿದ್ದೆ. ಒಗ್ಗರಣಿಗೆ ಸೈತ ಮುಟ್ಟಿರಲಿಲ್ಲ. ನಮ್ಮವ್ವಗ ಏನ್ ಒಯ್ಯಲಿ ನಾ? ಹೊಗಿ ಗಂಟು ಕಟ್ಟಿ ಒಯ್ಯಲೇನು?”

“ಅಂವಾ ಪಂಪಿನಾಂವ ಭ್ಯಾಸಳ…”

“ಭ್ಯಾಸಳ ಅಂವಂದಲ್ಲ.”

ಬಸಂತರಾಯ ಬಾಯಿ ತೆರೆದ. ಜೀವಮಾನದಲ್ಲಿ ಎಂದೂ ಕೈಕೊಡದ ಸಿಟ್ಟು ಆ ಹೊತ್ತಿಗೆ, ಹಿತ್ತಲ ಬಾಗಿಲಿನಿಂದ, ಯಾರಿಗೂ ಹೇಳದೆ ಹೋಗಿಬಿಟ್ಟಿತ್ತು.

ರಾಚಪ್ಪ ಗಹಗಹಿಸಿ ನಗಲು ಶುರುಮಾಡಿದ್ದ. ಶಂಕ್ರೆವ್ವ ಅವನತ್ತ ತಿರುಗಿದಳು. “ನೀ ಏನ್ ನಗತೀ? ಹ್ವಾದ ವರ್ಷ ನಿನ್ನ ಗಾಡಿ ಮ್ಯಾಲ ಬಂದ್ನೆಲ್ಲಾ, ಬಾಗೇವಾಡಿಗೆ ಮುಟ್ಟೂದ್ರಾಗ ಒಂದ ಉಂಡಿ ಉಳಿದಿತ್ತೇನು ನನ್ನ ಗಂಟಿನಾಗ? ಎಲ್ಲಾ ಕುಲುಕಿ ಕುಲುಕಿ ಹಿಟ್ಟಾಗಿದ್ದು. ಅವ್ವ ಏನಂದ್ಲು ಗೊತ್ತೈತೇನು? ‘ಏನವಾ, ಉಂಡಿ ಕಟ್ಟಾಕ ಬಿಡುವಾಗಲಿಲ್ಲೇನು’ ಅಂದ್ಲು. ನೀ ಹೊರಗ ಮಂದಿಗೆ ಗಾಡಿ ತೋರ್ಸಾಕತ್ತಿದ್ದಿ.”

ರಾಚಪ್ಪನ ನಗು ಅರ್ಧಕ್ಕೆ ನಿಂತಿತು.

“ಬರಿಗೈಲೆ ತವರಿಗೆ ಬರಾಂಗಿಲ್ಲ ನಾ. ಯಾರ ಗಾಡೀನೂ ಬ್ಯಾಡ.” ಆಕೆ ಡಬ್ಬಿಯನ್ನು ಹೊಸ್ತಿಲ ಮೇಲೆ ಇಟ್ಟು ಒಳಗೆ ಹೋದಳು.

ಈಗ ರಾಚಪ್ಪನ ಮುಖದ ಬಣ್ಣ ಇಳಿಯಿತು. ಪಂಚಮಿಗೆ ಅಕ್ಕನನ್ನು ಕರೆಯಲು ಹೋದವನು ಒಬ್ಬನೇ ಮರಳಿದರೆ ಅವನ ತಾಯಿ ಚನ್ನವ್ವ ಏನು ಮಾಡುತ್ತಾಳೆಂಬುದು ಬಾಗೇವಾಡಿಗೆಲ್ಲ ಗೊತ್ತಿತ್ತು. ಭಾವಮೈದುನರಿಬ್ಬರೂ ಖಾಲಿ ಡಬ್ಬಿಯನ್ನು ನೋಡಿದರು. ಗಾಣ ಇರುವುದು ಇಂಡಿಯಲ್ಲಿ. ಅಂಗಳದಲ್ಲಿ ಓಡುವ ಗಾಡಿ ಇರುವುದು ಒಂದೇ.

“ಕುಂಡ್ರ್ರಿ ಮಾವಾರ,” ಎಂದ ರಾಚಪ್ಪ, ಈ ಸಲ ನಗದೆ.

ಆ ಅಂಗಳ, ಆ ಜನ, ಆ ಹಿಂದಿನ ಸೀಟು! ಬಸಂತರಾಯ ವರ್ಷವಿಡೀ ಯಾವ ದೃಶ್ಯಕ್ಕಾಗಿ ತಪಸ್ಸು ಮಾಡಿದ್ದನೋ ಆ ದೃಶ್ಯ ಒಂದು ಸಣ್ಣ ಬದಲಾವಣೆಯೊಂದಿಗೆ ಕೈಗೂಡಿತು. ರಾಚಪ್ಪನ ಬೆನ್ನ ಹಿಂದೆ, ಎಣ್ಣೆಯ ಡಬ್ಬಿಯನ್ನು ತೊಡೆಯ ಮೇಲೆ ಹಿಡಿದು, ಕೂಡ್ರಬೇಕಾದವನು ತಾನಾದ. ಗಾಡಿ ಢುಗ್ ಎಂದು ಹೊರಟಾಗ ರೇವಣಪ್ಪ ತಟ್ಟೆಯನ್ನು ಜಾಗಟೆಯ ಹಾಗೆ ಬಾರಿಸಿದ. ಬಸಂತರಾಯ ಹಿಂದೆ ತಿರುಗಿ ಅವನ ವಂಶವನ್ನೆಲ್ಲ ಎತ್ತಿ ಆಡಿದ. ಒಂದಕ್ಷರವೂ ಯಾರಿಗೂ ಕೇಳಿಸಲಿಲ್ಲ.

ಎಣ್ಣೆ ಬಂತು. ಶಂಕ್ರೆವ್ವ ಮರುದಿನ ಮಧ್ಯಾಹ್ನದವರೆಗೆ ಕರಿದಳು. ಇಬ್ಬರು ಗಂಡಸರೂ ಕೇಳದೆಯೇ ಕಟ್ಟಿಗೆ ಒಡೆದುಕೊಟ್ಟರು. ನಂತರ ಆಕೆ ಹೊಸ ಸೀರೆ ಉಟ್ಟು, ಬುತ್ತಿಗಂಟು ಎತ್ತಿಕೊಂಡು, ಎರಡೂ ಗಾಡಿಗಳ ನಡುವಿನಿಂದ ನಡೆದು, ಬಸ್ ನಿಲ್ಲುವ ಬೇವಿನ ಗಿಡದ ಕೆಳಗೆ ಹೋಗಿ ನಿಂತಳು. ಬಸಂತರಾಯ ಹಿಂದೆ ಹಿಂದೆ ಹೋದ. ಮಾತಾಡಬೇಕೆಂದಿದ್ದ, ಬಾಯಿಗೆ ಬಂದದ್ದು ಹಳೆಯದೇ.

“ಮಂದ್ಯಾಗ ನನ್ನ ಮಾನಾ ಕಳದಿ. ನನ್ನ ಗಾಡಿ ಇದ್ದೂ ಬಸ್ಸಿಗೆ ಹೊಂಟಿ.”

“ಕರ್ಕೊಂಡು ಹೋಗೂದು ತಮ್ಮನ ಪಾಳಿ,” ಎಂದಳು ಶಂಕ್ರೆವ್ವ, ರಸ್ತೆ ನೋಡುತ್ತ. “ಕರ್ಕೊಂಡು ಬರೂದು ಯಾರ ಪಾಳಿ?”

ಬಸಂತರಾಯ ಬೇವಿನ ತೊಗಟೆ ಕೆರೆಯತೊಡಗಿದ.

“ಲಗ್ನಾಗಿ ಇಪ್ಪತ್ತು ವರ್ಷಾತು. ಒಮ್ಮೆರೆ ಬಂದೀರೇನು ಕರಿಯಾಕ? ಎಲ್ಲಾರ ಗಂಡಂದಿರೂ ಬರ್ತಾರ. ನಮ್ಮವ್ವ ವರ್ಷಾ ಒಂದು ತಾಟು ಹೆಚ್ಚಿಗಿ ಹಾಕಿ ಹಾದಿ ನೋಡ್ತಾಳ. ಆಮ್ಯಾಲ ನಾ ಉಂಡಿ ಬುಟ್ಟಿ ಹೊತ್ಕೊಂಡು ವಿಜಾಪುರದಾಗ ಬಸ್ ಬದಲಿಸಿ ಒಬ್ಬಾಕಿನs ಬರ್ತೇನಿ. ಆವಾಗ ಎಲ್ಲಿತ್ತು ಮಾನಾ?” ಬಸ್ಸು ಬಂತು. ಹತ್ತಿ, ಕಿಟಕಿಯಿಂದ ತಲೆ ಹಾಕಿ ಅಂದಳು: “ಅದರ ಬಾಯಿ ಮುಚ್ಚಿಸ್ಕೊಂಡು ಬರ್ರಿ. ಕುಂಡ್ರೂದು ಆವಾಗ ನೋಡೂಣು.”

ರಾಚಪ್ಪ ಫಟಫಟಿಯ ಮೇಲೆ, ಬಸ್ಸಿನ ಹಿಂದಿನ ಧೂಳು ತಿನ್ನುತ್ತ, ಬಾಗೇವಾಡಿಯವರೆಗೆ ಹಿಂಬಾಲಿಸಿದ.

ಬಸಂತರಾಯ ಹುಲಿಯ ಶವವನ್ನು ಸೋಮನಿಂಗನ ಚಕ್ಕಡಿಯಲ್ಲಿ ಹೇರಿಕೊಂಡು ಇಂಡಿಗೆ ನಡೆದ. ಅದೇ ಎತ್ತುಗಳು. ಅವು ದಾರಿಯುದ್ದಕ್ಕೂ ಹಿಂದೆ ತಿರುಗಿ ತಿರುಗಿ ನೋಡಿದವು. ದಾವಲಮಲಿಕ ಸೈಲೆನ್ಸರಿನೊಳಗಿನಿಂದ ಹಳೆಯ ಬೆಲ್ಲದ ಪಾಕದಂಥ ಕರೀ ಅಂಟನ್ನು ಕೆರೆದು ಕೆರೆದು ತೆಗೆದ. ಪಿಸ್ಟನ್ನಿನ ರಿಂಗುಗಳು ಅರಗಿನಲ್ಲಿ ಹುದುಗಿ ಕುಳಿತಿದ್ದವು. “ಸಾವಕಾರ, ಎಂಜಿನ್ ರಿಪೇರಿ ಮಾಡಾಕತ್ತೇನೋ ಕಡಾಯಿ ತೊಳ್ಯಾಕತ್ತೇನೋ, ತಿಳೀವಲ್ದು!” ಎಂದ.

“ಬಾಯಿ ಮುಚ್ಚಿ ಕೆಲಸಾ ಮಾಡು. ಆ ತೂತಿನ ನಳಿಗಿ ಎಲ್ಲಿ? ತಿರುಗಿ ಹಾಕು.”

“ಹುಲಿ ಬ್ಯಾಡೇನ್ರಿ?”

“ಬೆಕ್ಕು ಬೇಕು!”

ಕೊನೆಗೆ ಸೀಟಿನ ಕೆಳಗಿನ ಡಬ್ಬಿಯನ್ನು ಬಿಚ್ಚಿದ ದಾವಲಮಲಿಕ ಸಂತೋಷದಿಂದ ಕಿರುಚಿದ. “ಅರೆ! ನನ್ನ ಪಾನಾ! ಬ್ಯಾಸಗಿಯಿಂದ ಹುಡುಕ್ಯಾಡಾಕತ್ತೇನಿ! ನಿಮ್ಮ ಸೈಲೆನ್ಸರ್ ಬಿಚ್ಚಿದ ದಿನಾ ಇಲ್ಲೇ ಇಟ್ಟು ಮರತೇನಿ ನೋಡ್ರಿ!” ಪಾನಾ ಎಂದರೆ ನಟ್ಟು ಬಿಚ್ಚುವ ಸ್ಪ್ಯಾನರು; ಅದನ್ನು ತಗಡಿನ ಡಬ್ಬಿಯಲ್ಲಿ ಅಲ್ಲಾಡಿಸಿ ತೋರಿಸಿದ. ಟಕ್, ಟಕ್, ಟಕ್.

ಬಸಂತರಾಯ ಆ ಪಾನಾ ಹಿಡಿದು ದಾವಲಮಲಿಕನನ್ನು ಅಂಗಡಿಯ ಸುತ್ತ ಓಡಿಸಿದ್ದನ್ನು, ಸಂತೆಗೆ ಬಂದವರು ನಿಂತು ನೋಡಿದ್ದನ್ನು ವಿವರಿಸುವುದು ಬೇಡ. ಸಿಟ್ಟು ಹಿತ್ತಲ ಬಾಗಿಲಿನಿಂದ ಮರಳಿ ಬಂದಿತ್ತು, ಅಷ್ಟೇ. ಅಲ್ಲಿಂದ ಪಂಪಿಗೆ ಹೋಗಿ ಗೋವಿಂದರಾಯನ ಎದುರಿಗೆ ಗಾಡಿ ನಿಲ್ಲಿಸಿದ. ಗೋವಿಂದರಾಯ ಎರಡು ಹೆಜ್ಜೆ ಹಿಂದೆ ಸರಿದ.

“ಹಾಕು!” ಎಂದು ಗುಡುಗಿದ ಬಸಂತರಾಯ.

“ಪೆಟ್ರೋಲ್ ಅಷ್ಟs ಏನ್ರಿ?”

“ಆಯಿಲ್‌ನೂ ಹಾಕು! ನಿನ್ನ ಕರೀ ಆಯಿಲ್ಲs ಹಾಕು!”

ಅವನ ಕ್ಷಮಾಪಣೆ ಎಂದರೆ ಹೀಗೇ ಇರುತ್ತದೆಂದು ತಿಳಿದ ಗೋವಿಂದರಾಯ ನಗದೆ, ಹೊಸ ಡಬ್ಬಿಯ ಸೀಲ್ ಒಡೆದು ಹಾಕಿದ.

ಪಂಚಮಿ ಕಳೆದ ಮೇಲೆ ಬಸವನ ಬಾಗೇವಾಡಿಯ ಓಣಿಯಲ್ಲಿ ಒಂದು ಫಟಫಟಿ ಬಂದು ನಿಂತದ್ದು, ಬಾಗಿಲ ಕಡೆ ಬೆನ್ನು ಮಾಡಿ ಕುಳಿತಿದ್ದ ಚನ್ನವ್ವನಿಗೆ ಗೊತ್ತೇ ಆಗಲಿಲ್ಲ. ತಿರುಗಿ ನೋಡಿದರೆ ಅಳಿಯ! ಆಕೆ ಗಾಬರಿಯಿಂದ, “ಎಲ್ಲಾರೂ ಆರಾಮ ಅದಾರಿಲ್ಲೋ?” ಎಂದಳು. ಕೆಟ್ಟ ಸುದ್ದಿಯ ಹೊರತು ಈತ ಬರುವುದು ಸಾಧ್ಯವೇ?

“ಕರಿಯಾಕ ಬಂದೇನ್ರಿ,” ಎಂದ ಬಸಂತರಾಯ ಸಿಟ್ಟಿನಿಂದ.

ಮರಳುವಾಗ ಶಂಕ್ರೆವ್ವ ಉಂಡಿಯ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತಳು. ಗಾಡಿ ಪುರ್ರ್ ಎಂದಿತು. ಓಣಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಊರು ದಾಟಿದ ಮೇಲೆ, ಎರಡೂ ಬದಿಗೆ ಎರೆಹೊಲಗಳು ತೆರೆದುಕೊಂಡಾಗ, ಗಾಳಿಯ ಹೊರತು ಬೇರೆ ಸಪ್ಪಳವಿಲ್ಲದ ಆ ದಾರಿಯಲ್ಲಿ ಹಿಂದಿನಿಂದ ಒಂದು ದನಿ ಶುರುವಾಯಿತು.

“ಲಗ್ನಾದ ಮೊದಲ ವರ್ಷ, ನೆಪ್ಪೈತೇನ್ರಿ, ನಮ್ಮಪ್ಪ ಕೊಟ್ಟ ಆಕಳಾ ಮಾರಿದ್ರಿ. ನನ್ನ ಒಂದ ಮಾತು ಕೇಳಿದ್ರೇನು?”

ಬಸಂತರಾಯನಿಗೆ ಕೇಳಿಸಿತು. ಪ್ರತಿ ಅಕ್ಷರವೂ ಕೇಳಿಸಿತು. ಆಕಳಿನ ನಂತರ ಮುದ್ದೇಬಿಹಾಳದ ಧೋತರ ಬಂತು, ಆ ಧೋತರ ಉಟ್ಟು ನಿಂತ ದಿನ ಮನೆಯಲ್ಲಿ ಆಕೆಗೆ ಜ್ವರ ಇದ್ದದ್ದು ಬಂತು. ಸಿಂದಗಿಯ ಬಸ್ಸು ಬಂತು; ಅದು ತಡವಾದ್ದರಿಂದ ಆಕೆಗೆ ತಪ್ಪಿಹೋದ ಗೆಳತಿ ಸಾವಂತ್ರವ್ವನ ಮದುವೆ ಬಂತು. ವಿಜಾಪುರ ದಾಟಿದರೂ ಮದುವೆಯಾದ ಐದನೆಯ ವರ್ಷವೇ ಮುಗಿದಿರಲಿಲ್ಲ. ಅಯ್ಯೋ, ಆ ಹುಲಿ! ಆ ಗರ್ಜನೆ! ಅದನ್ನು ಯಾಕೆ ಕೊಂದೆ ಎಂದು ಬಸಂತರಾಯ ಒಳಗೊಳಗೇ ಹಲುಬಿದ. ಕೊನೆಗೆ ತಡೆಯಲಾಗದೆ, ಇಪ್ಪತ್ತು ವರ್ಷದ ಸಿಟ್ಟನ್ನೆಲ್ಲ ಗಂಟಲಿಗೆ ತಂದುಕೊಂಡು, ಒದರಲು ದೊಡ್ಡದಾಗಿ ಬಾಯಿ ತೆರೆದ.

ಹಿಂದಿನಿಂದ ಒಂದು ಕೈ ಬಂದು ಆ ಬಾಯಿಯಲ್ಲಿ ಶೇಂಗಾ ಉಂಡಿ ಇಟ್ಟಿತು. ಇಡೀ ಉಂಡಿ. ಎಲ್ಲಿಯೂ ಒಡೆದಿರಲಿಲ್ಲ.